ಎಡಗೈಯವರ ದೊಡ್ಡ ಬೇಟೆಯ ರೈಫಲ್: ಆಕ್ಷನ್ ಆರಿಸುವ ಬಗೆ

ನಮ್ಮ ಮನೆತನದಲ್ಲಿ ಎಡಗೈಯಿಂದ ಊಟಕ್ಕೆ ಕೂತು ಬೈಸಿಕೊಂಡವರು ಇಬ್ಬರು, ಒಬ್ಬ ನಾನು, ಇನ್ನೊಬ್ಬ ನನ್ನ ಅಕ್ಕನ ಮಗ. ಬೆಳಗಾವಿಯಲ್ಲಿ ನಮ್ಮನ್ನು ಎಡಚರೆಂದು ಕರೆದರು. ಕೆಲಸಕ್ಕೆಂದು ಪುಣೆಗೆ ಬಂದ ಮೇಲೆ ಇಲ್ಲಿಯ ಮರಾಠಿ ಗೆಳೆಯರು ಡಾವಖುರಾ ಎಂದು ಕರೆದರು. ಹೆಸರು ಬದಲಾದರೂ ಕತ್ತರಿಯಿಂದ ಹಿಡಿದು ಲೇತ್ ಯಂತ್ರದವರೆಗೆ ಎಲ್ಲವೂ ಬಲಗೈಯವರಿಗೆಂದೇ ತಯಾರಾಗಿದ್ದ ಸಂಗತಿ ಮಾತ್ರ ಬದಲಾಗಲಿಲ್ಲ. ಭೋಸರಿಯ ಟೂಲ್‌ರೂಮಿನಲ್ಲಿ ಮೂರು ದಶಕ ದುಡಿದು ನಿವೃತ್ತನಾದ ನಾನು ಈಗ ವಾರಕ್ಕೊಮ್ಮೆ ಬಾಲೇವಾಡಿಯ ಶೂಟಿಂಗ್ ರೇಂಜಿನಲ್ಲಿ .22 ರೈಫಲ್ ಹಿಡಿದು ಕಾಗದದ ಗುರಿಗೆ ಹೊಡೆಯುವುದರಲ್ಲಿ ತೃಪ್ತನಾಗಿದ್ದೇನೆ. ಅಳಿಯನದು ಬೇರೆ ದಾರಿ. ಜೋಹಾನ್ಸ್‌ಬರ್ಗಿನಲ್ಲಿ ಗಣಿ ಎಂಜಿನಿಯರನಾಗಿರುವ ಅವನು ಅಲ್ಲಿಯ ಕಾನೂನಿನಂತೆ ಪರವಾನಗಿ ಪಡೆದ ಬೇಟೆಗಾರ. ಕೇಪ್ ಕಾಡೆಮ್ಮೆಗೆ ತಕ್ಕ ರೈಫಲನ್ನು ತನ್ನ ಎಡಗೈಗೆ ಹೊಂದುವಂತೆ ಮಾಡಿಸಿಕೊಳ್ಳಬೇಕೆಂದು ಹೊರಟಾಗ ಅವನು ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ, "ಮಾಮಾ, ಆಕ್ಷನ್ ಯಾವುದು ತಗೊಳ್ಳಲಿ?" ಎಂಬುದು. ಎಂಟು ತಿಂಗಳು ನಡೆದ ಆ ಮಾತುಕತೆಯನ್ನು, ಅವನಂತೆಯೇ ಹೊರದೇಶಗಳಲ್ಲಿರುವ ಎಡಗೈ ಕನ್ನಡಿಗರ ಉಪಯೋಗಕ್ಕೆಂದು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ, ಮತ್ತು 1959ರ ಶಸ್ತ್ರಾಸ್ತ್ರ ಕಾಯ್ದೆಯ ಕಣ್ಣಿನಲ್ಲಿ ಬಂದೂಕಿನ ಬಿಡಿಭಾಗವೂ ಬಂದೂಕೇ ಆಗಿದೆ. ಹಾಗಾಗಿ ಇದು ಇಲ್ಲಿ ತರಿಸಿಕೊಳ್ಳುವ ಅಥವಾ ಮಾಡಿಕೊಳ್ಳುವ ವಸ್ತುವಿನ ಬಗೆಗಿನ ಲೇಖನವಲ್ಲ. "ನೀವೇ ಸಿಎನ್‌ಸಿ ಮೇಲೆ ಒಂದು ಮಾಡಿ ಕಳಿಸಬಹುದಲ್ಲ" ಎಂದು ಪಕ್ಕದ ಮನೆಯವರು ತಮಾಷೆಗೆ ಹೇಳಿದ್ದುಂಟು. ಪರವಾನಗಿಯಿಲ್ಲದೆ ಒಂದು ಬೋಲ್ಟ್ ಕಡೆದರೂ ಅದು ಅಪರಾಧವೇ ಎಂದು ಅವರಿಗೆ ಹೇಳಿದೆ.

ಆಕ್ಷನ್ ಎಂದರೆ ನಳಿಗೆ ಮತ್ತು ಹೆಗಲಿಗೆ ಒರಗುವ ಮರದ ಸ್ಟಾಕನ್ನು ಬಿಟ್ಟು ಉಳಿಯುವ ಯಂತ್ರಭಾಗ: ರಿಸೀವರ್ ಎಂಬ ಚೌಕಟ್ಟು, ಅದರೊಳಗೆ ಹಿಂದೆ ಮುಂದೆ ಸರಿಯುವ ಬೋಲ್ಟ್, ಕಾಡತೂಸು ತುಂಬುವ ಕೆಳಗಿನ ಮ್ಯಾಗಜೀನ್, ಟ್ರಿಗರ್ ಮತ್ತು ಗುಂಡು ತಪ್ಪಿ ಹಾರದಂತೆ ತಡೆಯುವ ಸೇಫ್ಟಿ. ಬೋಲ್ಟಿನ ಕೆಲಸ ಹಳೆಯ ಬಾಗಿಲ ಚಿಲಕದಂತೆಯೇ ಇರುತ್ತದೆ. ಮುಂದೆ ತಳ್ಳಿ ಕೆಳಗೆ ತಿರುಗಿಸಿದರೆ ಅದರ ಮುಂತುದಿಯ ಎರಡು ಕಿವಿಗಳು ರಿಸೀವರಿನ ಕಚ್ಚುಗಳಲ್ಲಿ ಕೂತು, ಗುಂಡು ಸಿಡಿದಾಗ ಹಿಂದಕ್ಕೆ ಒದೆಯುವ ಒತ್ತಡವನ್ನೆಲ್ಲ ಹೊರುತ್ತವೆ.

ಮೊದಲು ಕಣ್ಣು, ಆಮೇಲೆ ಕೈ

ಎಡಗೈಯಲ್ಲಿ ಬರೆಯುವವನು ಎಡ ಹೆಗಲಿನಿಂದಲೇ ಗುಂಡು ಹಾರಿಸಬೇಕೆಂದೇನೂ ಇಲ್ಲ. ಅದನ್ನು ತೀರ್ಮಾನಿಸುವುದು ಪ್ರಬಲ ಕಣ್ಣು. ಎರಡೂ ಅಂಗೈಗಳನ್ನು ಮುಂದೆ ಚಾಚಿ, ಹೆಬ್ಬೆರಳುಗಳ ನಡುವೆ ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದುಕೊಂಡು ದೂರದ ಗಡಿಯಾರವನ್ನೋ ಕಂಬವನ್ನೋ ಆ ಕಿಂಡಿಯಲ್ಲಿ ನೋಡಿ. ನಂತರ ಒಂದೊಂದೇ ಕಣ್ಣು ಮುಚ್ಚಿದರೆ, ಯಾವ ಕಣ್ಣು ತೆರೆದಿದ್ದಾಗ ವಸ್ತು ಕಿಂಡಿಯೊಳಗೇ ಉಳಿಯುತ್ತದೆಯೋ ಅದೇ ನಿಮ್ಮ ಪ್ರಬಲ ಕಣ್ಣು. ಎಡಗೈಯವರಾಗಿದ್ದು ಬಲಗಣ್ಣು ಪ್ರಬಲವಾಗಿದ್ದರೆ, ದುಬಾರಿ ಎಡಗೈ ಆಕ್ಷನ್ ಕೊಳ್ಳುವ ಮೊದಲು ಒಳ್ಳೆಯ ತರಬೇತುದಾರರೊಬ್ಬರ ಬಳಿ ಎರಡೂ ಹೆಗಲಿನಿಂದ ಹೊಡೆದು ನೋಡುವುದು ಲೇಸು. ಅಳಿಯನ ಎಡಗಣ್ಣೂ ಎಡಗೈಯೂ ಒಂದೇ ಪಕ್ಷದವಾದ್ದರಿಂದ ನಮಗೆ ಈ ಹೆಜ್ಜೆ ಐದು ನಿಮಿಷದಲ್ಲಿ ಮುಗಿಯಿತು.

ಬಲಗೈ ಆಕ್ಷನನ್ನೇ ಅಭ್ಯಾಸ ಮಾಡಿಕೊಳ್ಳಬಾರದೇಕೆ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ರೇಂಜಿನ ಚಾಪೆಯ ಮೇಲೆ ಮಲಗಿ ಒಂದೊಂದೇ ಕಾಡತೂಸು ಹಾಕಿ ಹೊಡೆಯುವವನಿಗೆ ಅದು ಸಾಧ್ಯ, ನಾನೇ ಎಷ್ಟೋ ವರ್ಷ ಹಾಗೆ ಮಾಡಿದ್ದೇನೆ. ಆದರೆ ನಿಂತು, ಐದು ಕಿಲೋ ತೂಕದ ರೈಫಲನ್ನು ಹೆಗಲಿಂದ ಇಳಿಸದೆ ಎರಡನೆಯ ಗುಂಡನ್ನು ಕೂಡಲೇ ಹಾರಿಸಬೇಕಾದ ಸಂದರ್ಭದಲ್ಲಿ ಲೆಕ್ಕ ಬೇರೆಯಾಗುತ್ತದೆ. ಎಡ ಹೆಗಲಿನವನು ಬಲಗೈ ಬೋಲ್ಟನ್ನು ಎಳೆಯಬೇಕಾದರೆ ಒಂದೋ ಎಡಗೈಯನ್ನು ರೈಫಲಿನ ಮೇಲಿಂದ ಆಚೆ ಚಾಚಬೇಕು, ಇಲ್ಲವೇ ಮುಂದಿನ ತೂಕ ಹೊತ್ತ ಬಲಗೈಯನ್ನೇ ಬಿಡಬೇಕು. ಎರಡರಲ್ಲಿಯೂ ಗುರಿ ತಪ್ಪುತ್ತದೆ. ಇನ್ನೊಂದು ಕಾರಣ ಸುರಕ್ಷತೆಗೆ ಸಂಬಂಧಿಸಿದ್ದು, ಅದರ ಬಗ್ಗೆ ಜನ ಕಡಿಮೆ ಮಾತಾಡುತ್ತಾರೆ. ಎಡ ಹೆಗಲಿನವನ ಕೆನ್ನೆ ಸ್ಟಾಕಿನ ಬಲ ಮಗ್ಗುಲಿಗೆ ಒರಗಿರುತ್ತದೆ, ಬಲಗೈ ಆಕ್ಷನಿನಲ್ಲಿ ಖಾಲಿ ಕವಚ ಹೊರಬೀಳುವ ತೆರೆದ ಕಿಟಕಿಯೂ ಬಲಕ್ಕೇ ಇರುತ್ತದೆ. ಅಪರೂಪಕ್ಕೆ ಕಾಡತೂಸಿನ ಹಿತ್ತಾಳೆ ಕವಚ ಬಿರಿದು ಬಿಸಿ ಅನಿಲ ಹೊರಬಂದರೆ ಅದಕ್ಕೆ ಎದುರಾಗುವುದು ಅವನ ಮುಖವೇ. ಕನ್ನಡಿಯಲ್ಲಿ ಕಂಡಂತೆ ತಿರುವಿ ಮಾಡಿದ ನಿಜವಾದ ಎಡಗೈ ಆಕ್ಷನಿನಲ್ಲಿ ಕಿಟಕಿ ಎಡಕ್ಕಿದ್ದು, ಮುಖ ಅದರಿಂದ ಮರೆಯಾಗಿರುತ್ತದೆ.

ಕಾಡತೂಸು ಮತ್ತು ಆಕ್ಷನ್, ಎರಡನ್ನೂ ಒಟ್ಟಿಗೇ ಹುಡುಕಬೇಕು

ಬಲಗೈಯವನು ತನಗೆ ಇಷ್ಟವಾದ ಕಾಡತೂಸನ್ನು ಮೊದಲು ತೀರ್ಮಾನಿಸಿ, ಆಮೇಲೆ ಅದಕ್ಕೆ ತಕ್ಕ ಆಕ್ಷನ್ ಹುಡುಕಬಹುದು, ಹುಡುಕಿದಷ್ಟೂ ಸಿಗುತ್ತವೆ. ಎಡಗೈಯವನಿಗೆ ಆ ಸೌಲಭ್ಯವಿಲ್ಲ. ಅವನು ಸಿಗುವ ಆಕ್ಷನ್ ಮತ್ತು ಅದರಲ್ಲಿ ಹಿಡಿಸುವ ಕಾಡತೂಸು ಇವೆರಡನ್ನೂ ತಕ್ಕಡಿಯ ಎರಡು ತಟ್ಟೆಗಳಂತೆ ಒಟ್ಟಿಗೇ ತೂಗಬೇಕು. ಈ ಬರಹದಲ್ಲಿ ಒಂದೇ ಒಂದು ಸಂಗತಿಯನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ ಎಂದು ಅಳಿಯನಿಗೂ ಹೇಳಿದ್ದೆ.

ಕೆಳಮಿತಿಯನ್ನು ಕಾನೂನೇ ಹಾಕಿಕೊಡುತ್ತದೆ. ಆಫ್ರಿಕಾದ ಹಲವು ಕಡೆ ಅಪಾಯಕಾರಿ ಪ್ರಾಣಿಗಳಿಗೆ .375 ಇಂಚಿಗಿಂತ ಕಡಿಮೆ ವ್ಯಾಸದ ರೈಫಲ್ ಒಪ್ಪುವುದಿಲ್ಲ. ನಮೀಬಿಯಾ ವ್ಯಾಸದ ಬದಲು ಶಕ್ತಿಯನ್ನು ಅಳೆಯುತ್ತದೆ. ಕಾಡೆಮ್ಮೆ ಮತ್ತು ಆನೆಗೆ ನಳಿಗೆಯ ಬಾಯಲ್ಲಿ ಕನಿಷ್ಠ 5,400 ಜೂಲ್ ಇರಬೇಕೆಂಬುದು ಅಲ್ಲಿಯ ನಿಯಮ. 1912ರಿಂದ ಬಳಕೆಯಲ್ಲಿರುವ .375 ಹಾಲಂಡ್ ಅಂಡ್ ಹಾಲಂಡ್ ಮ್ಯಾಗ್ನಂ, 300 ಗ್ರೇನ್ ತೂಕದ ಗುಂಡಿನೊಂದಿಗೆ ಈ ಮಿತಿಯನ್ನು ಸಾಮಾನ್ಯವಾಗಿ ದಾಟುತ್ತದೆ.

ಇನ್ನು ಉದ್ದದ ಪ್ರಶ್ನೆ. ಎಡಗೈ ಆಕ್ಷನ್‌ಗಳಲ್ಲಿ ಹೆಚ್ಚಾಗಿ ಸಿಗುವುದು .30-06 ಕಾಡತೂಸಿನ ಅಳತೆಯ ಸಾಮಾನ್ಯ ಉದ್ದದವು. ಆ ಕಾಡತೂಸಿನ ಒಟ್ಟು ಉದ್ದದ ಮಿತಿ 3.340 ಇಂಚು, ಅಂದರೆ ಸುಮಾರು 84.8 ಮಿಲಿಮೀಟರ್. .375 ಹಾಲಂಡ್‌ಗೆ 3.600 ಇಂಚು, ಅಂದರೆ 91.4 ಮಿಲಿಮೀಟರ್ ಬೇಕು; .416 ರೆಮಿಂಗ್ಟನ್ ಮತ್ತು .458 ಲಾಟ್ ಕೂಡ ಇದೇ ಉದ್ದದವು. 1911ರ .416 ರಿಗ್ಬಿಗೆ 3.750 ಇಂಚು, ಅಂದರೆ ಹತ್ತಿರಹತ್ತಿರ 95.3 ಮಿಲಿಮೀಟರ್ ಬೇಕಾಗಿ, ಆಕ್ಷನ್ ನಿಜವಾದ ಮ್ಯಾಗ್ನಂ ಉದ್ದದ್ದೇ ಆಗಿರಬೇಕಾಗುತ್ತದೆ. ಇನ್ನೊಂದು ಕಡೆ, 1956ರ .458 ವಿಂಚೆಸ್ಟರ್ ಮ್ಯಾಗ್ನಂ ಮತ್ತು 2007ರ .375 ರೂಗರ್ ಎರಡೂ ಸಾಮಾನ್ಯ ಉದ್ದದ ಆಕ್ಷನಿನಲ್ಲಿಯೇ ಕೂರುವಂತೆ ರೂಪುಗೊಂಡವು. ಏಳು ಮಿಲಿಮೀಟರ್ ವ್ಯತ್ಯಾಸ ಕೇಳಲು ಅಲ್ಪವೆನಿಸಬಹುದು. ಆದರೆ ಎಡಗೈ ಮಾರುಕಟ್ಟೆಯಲ್ಲಿ ಆ ಏಳು ಮಿಲಿಮೀಟರ್ ನಿಮ್ಮ ಆಯ್ಕೆಯ ಪಟ್ಟಿಯನ್ನು ಕೆಲವೇ ಹೆಸರುಗಳಿಗೆ ಇಳಿಸಿಬಿಡುತ್ತದೆ.

ಉದ್ದದ ಜೊತೆಗೆ, ಕಾಡತೂಸಿನ ಬುಡ ಆತುಕೊಳ್ಳುವ ಬೋಲ್ಟಿನ ಮುಖದ ವ್ಯಾಸವನ್ನೂ ನೋಡಬೇಕು. .30-06 ಕುಟುಂಬದ ಕಾಡತೂಸಿನ ಬುಡದ ಅಂಚಿನ ವ್ಯಾಸ 12 ಮಿಲಿಮೀಟರ್, .375 ಹಾಲಂಡ್, .458 ವಿಂಚೆಸ್ಟರ್ ಮತ್ತು .375 ರೂಗರ್‌ಗಳದು 13.5 ಮಿಲಿಮೀಟರ್, .416 ರಿಗ್ಬಿಯದು ಸುಮಾರು 15 ಮಿಲಿಮೀಟರ್. ಸಣ್ಣ ಮುಖದ ಬೋಲ್ಟನ್ನು ಕಡೆದು ದೊಡ್ಡದು ಮಾಡಿಸಬಹುದಾದರೂ ಅದರೊಂದಿಗೆ ಆ ಅಂಚನ್ನು ಹಿಡಿಯುವ ಕೊಕ್ಕೆಯೂ, ಕಾಡತೂಸನ್ನು ಹಿಡಿದು ಬಿಡುವ ಮ್ಯಾಗಜೀನಿನ ತುಟಿಗಳೂ ಬದಲಾಗಬೇಕು. ಎಡಗೈಯ ಬಿಡಿಭಾಗಗಳು ಮೊದಲೇ ದುರ್ಲಭ. ಹಾಗಾಗಿ ಬೇಕಾದ ಮುಖದ ಬೋಲ್ಟೇ ಇರುವ ಆಕ್ಷನನ್ನು ಕೊಳ್ಳುವುದು ಜಾಣತನ.

ಸಾಮಾನ್ಯ ಉದ್ದದ ಆಕ್ಷನನ್ನು ಕಡೆದು ಉದ್ದ ಮಾಡಿ .375 ಹಾಲಂಡ್ ಕೂರಿಸಿಕೊಡುವೆವೆಂದು ಹೇಳುವ ಕೆಲಸಗಾರರು ಇಂದಿಗೂ ಸಿಗುತ್ತಾರೆ. ಹಳೆಯ ಸೈನಿಕ ಮೌಸರ್‌ಗಳ ಮೇಲೆ ಇದನ್ನು ಬಹಳ ಮಾಡಿದ್ದಾರೆ ಎಂಬುದೂ ನಿಜ. ಆದರೆ ಆಗ ಲೋಹ ತೆಗೆಯುವುದು ಕಾಡತೂಸು ಏರಿಬರುವ ಇಳಿಜಾರಿನಿಂದ, ಅಂದರೆ ಕೆಳಗಿನ ಕಿವಿ ಆತುಕೊಳ್ಳುವ ಜಾಗದ ಪಕ್ಕದಿಂದಲೇ. ಹೊರೆ ಹೊರುವ ಗೋಡೆಯ ಬುಡವನ್ನು ಕೆತ್ತಿ ಕೋಣೆ ದೊಡ್ಡದು ಮಾಡುವ ಕೆಲಸವಿದು. ಟೂಲ್‌ರೂಮಿನವನಾಗಿ ನನ್ನ ಸಲಹೆ ಸ್ಪಷ್ಟ: ಆ ಉದ್ದಕ್ಕೆಂದೇ ಹುಟ್ಟಿದ ಆಕ್ಷನ್ ಸಿಗದಿದ್ದರೆ ಕಾಡತೂಸನ್ನು ಬದಲಿಸಿ, ಲೋಹವನ್ನು ಮುಟ್ಟಬೇಡಿ.

ಒತ್ತಡದ ಬಗ್ಗೆಯೂ ಎರಡು ಮಾತು. ಯೂರೋಪಿನ ಸಿಐಪಿ ಮಾನಕದಂತೆ .375 ಹಾಲಂಡ್‌ನ ಗರಿಷ್ಠ ಒತ್ತಡ 4,300 ಬಾರ್, .416 ರಿಗ್ಬಿಯದು ಬರಿಯ 3,250 ಬಾರ್. ಬಿಸಿಲಿನಲ್ಲಿ ಮದ್ದಿನ ಒತ್ತಡ ಏರಿದರೂ ಖಾಲಿ ಕವಚ ಚೇಂಬರಿಗೆ (ನಳಿಗೆಯ ಹಿಂತುದಿಯಲ್ಲಿ ಕಾಡತೂಸು ಕೂರುವ ಜಾಗಕ್ಕೆ) ಅಂಟಿಕೊಳ್ಳದೆ ಸಲೀಸಾಗಿ ಹೊರಬರಬೇಕೆಂಬ ಎಚ್ಚರ ಹಳೆಯ ಬ್ರಿಟಿಷ್ ಕಾಡತೂಸುಗಳಲ್ಲಿ ಕಾಣುತ್ತದೆ. ರಿಗ್ಬಿಯ ದಪ್ಪ ಕವಚ ನನಗೆ ಎಂಜಿನಿಯರನಾಗಿ ತುಂಬ ಹಿಡಿಸಿತ್ತು. ಅದಕ್ಕೆ ಬೇಕಾದ ಎಡಗೈ ಮ್ಯಾಗ್ನಂ ಆಕ್ಷನ್‌ಗಳನ್ನು ಆದೇಶದ ಮೇಲೆ ಮಾಡಿಕೊಡುವವರು ಇದ್ದಾರೆ, ಆದರೆ ಆ ಬೆಲೆಗೆ ಪುಣೆಯಲ್ಲಿ ಒಳ್ಳೆಯ ಕಾರೇ ಬರುತ್ತದೆಂದು ಅಳಿಯ ನಕ್ಕುಬಿಟ್ಟ.

ಕಾಡತೂಸನ್ನು ಹಿಡಿದು ನಡೆಸುವುದೋ, ತಳ್ಳಿ ಬಿಡುವುದೋ

ಬೋಲ್ಟ್ ಆಕ್ಷನ್‌ಗಳಲ್ಲಿ ಎರಡು ಪಂಥಗಳಿವೆ. ಪಾಲ್ ಮೌಸರ್ 1898ರಲ್ಲಿ ರೂಪಿಸಿದ ಮಾದರಿಯಲ್ಲಿ ಬೋಲ್ಟಿನ ಮಗ್ಗುಲಿಗೆ ಉದ್ದನೆಯ, ತಾನು ತಿರುಗದ ಕೊಕ್ಕೆಯೊಂದು ಇರುತ್ತದೆ. ಮ್ಯಾಗಜೀನಿನಿಂದ ಕಾಡತೂಸು ಮೇಲೇಳುತ್ತಿದ್ದಂತೆಯೇ ಅದರ ಅಂಚು ಆ ಕೊಕ್ಕೆಯ ಅಡಿಗೆ ಜಾರಿ ಸಿಕ್ಕಿಕೊಳ್ಳುತ್ತದೆ. ಅಲ್ಲಿಂದ ಹಿಡಿದು ಖಾಲಿಯಾಗಿ ಹೊರಗೆ ಚಿಮ್ಮುವವರೆಗೆ ಕಾಡತೂಸು ಬೋಲ್ಟಿನ ಹಿಡಿತದಲ್ಲಿಯೇ ಇರುತ್ತದೆ. ಅರ್ಧ ತಳ್ಳಿ ಮನಸ್ಸು ಬದಲಿಸಿ ಹಿಂದೆ ಎಳೆದರೂ ಅದೇ ಕಾಡತೂಸು ಹಿಂದೆ ಬರುತ್ತದೆ. ಎರಡನೆಯ ಪಂಥದಲ್ಲಿ ಬೋಲ್ಟ್ ಕಾಡತೂಸನ್ನು ಸುಮ್ಮನೆ ಮುಂದೆ ತಳ್ಳುತ್ತದೆ, ಪೂರ್ತಿ ಮುಚ್ಚುವಾಗ ಮಾತ್ರ ಸಣ್ಣ ಕೊಕ್ಕೆ ಅಂಚನ್ನು ಕಚ್ಚಿಕೊಳ್ಳುತ್ತದೆ. ಮುಚ್ಚುವ ಮೊದಲೇ ಗಾಬರಿಯಲ್ಲಿ ಹಿಂದೆ ಎಳೆದರೆ ಮೊದಲ ಕಾಡತೂಸು ಚೇಂಬರಿನಲ್ಲಿಯೇ ಉಳಿದು, ಎರಡನೆಯದು ಅದರ ಬೆನ್ನಿಗೆ ಹೋಗಿ ಗುದ್ದಿ, ಆಕ್ಷನ್ ಸಿಕ್ಕಿಬೀಳುತ್ತದೆ.

ಜಿಂಕೆ ಜಾತಿಯ ಪ್ರಾಣಿಗಳ ಬೇಟೆಗೆ ತಳ್ಳುವ ಪಂಥದ ಆಕ್ಷನ್ ಧಾರಾಳವಾಗಿ ಸಾಕು. ನಿಖರತೆಯಲ್ಲಿ ಅವು ಒಂದು ಕೈ ಮೇಲೆಯೇ ಇರಬಹುದು. ಸ್ಯಾವೇಜ್ 110, ರೆಮಿಂಗ್ಟನ್ 700, ಟಿಕ್ಕಾ ಟಿ3ಎಕ್ಸ್, ವೆದರ್‌ಬಿ ಮಾರ್ಕ್ 5 ಇವೆಲ್ಲ ಎಡಗೈಗೂ ಬಂದಿವೆ. ಕಾರ್ಖಾನೆಗಳು ಎಡಗೈಯವರಿಗೆಂದು ಬೋಲ್ಟ್ ರೈಫಲನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಲು ತೊಡಗಿದ್ದೇ 1950ರ ದಶಕದ ಕೊನೆಯ ಹೊತ್ತಿಗೆ, ಸ್ಯಾವೇಜ್ 110ರಿಂದ. ಆದರೆ ಏಳುನೂರು ಕಿಲೋ ತೂಗುವ ಕಾಡೆಮ್ಮೆಯ ಎದುರಿಗೆ ನಿಲ್ಲುವವನಿಗೆ ಮೌಸರ್ ಪಂಥವೇ ಬೇಕೆಂದು ನನ್ನ ಖಚಿತ ಅಭಿಪ್ರಾಯ. ಅಲ್ಲಿ ಯಂತ್ರ ಕೆಡುವುದಕ್ಕಿಂತ ಮನುಷ್ಯನ ಕೈ ತಡವರಿಸುವ ಸಂಭವ ಹೆಚ್ಚು, ಮೌಸರ್ ತಡವರಿಸಿದ ಕೈಯನ್ನು ಕ್ಷಮಿಸುತ್ತದೆ.

ಈ ಕ್ಷಮೆಗೂ ಮಿತಿಯಿದೆ ಎಂಬುದನ್ನು ಮರೆಯಬಾರದು. ಉದ್ದ ಕಾಡತೂಸಿಗೆ ಬೋಲ್ಟನ್ನು ಹಿಂದೆ ಎಳೆಯಬೇಕಾದ ದೂರವೂ ಉದ್ದವಾಗಿರುತ್ತದೆ. ಪೂರ್ತಿ ಎಳೆಯದೆ ಮುಂದೆ ತಳ್ಳಿದರೆ ಖಾಲಿ ಕವಚ ಹೊರಗೆ ಬೀಳದೆ ಮರಳಿ ಚೇಂಬರಿಗೇ ಹೋಗುತ್ತದೆ, ಅಥವಾ ಹೊಸ ಕಾಡತೂಸು ಮೇಲೇಳುವುದೇ ಇಲ್ಲ. ಇದಕ್ಕೆ ಯಾವ ಕೊಕ್ಕೆಯೂ ಮದ್ದಲ್ಲ, ಅಭ್ಯಾಸವೊಂದೇ ಮದ್ದು. .375 ರೂಗರ್‌ನಂಥ ಮೋಟು ಕಾಡತೂಸಿನ ಪರವಾಗಿ ಹೇಳಬಹುದಾದ ಗಟ್ಟಿ ಕಾರಣ ಇದೇ. ಮೌಸರ್ ಪಂಥದ ಆಕ್ಷನ್ ಕೊಳ್ಳುವಾಗ ಇನ್ನೊಂದು ವಿಷಯ ಕೇಳಿಕೊಳ್ಳಿ: ಚೇಂಬರಿಗೆ ಕೈಯಿಂದಲೇ ಒಂದು ಕಾಡತೂಸು ಹಾಕಿ ಬೋಲ್ಟ್ ಮುಚ್ಚಿದರೆ ಕೊಕ್ಕೆ ಅದರ ಅಂಚಿನ ಮೇಲೆ ಹಾರಿ ಕೂರುತ್ತದೆಯೇ? ಮೂಲ ಮೌಸರಿನ ಕೊಕ್ಕೆಗೆ ಅದು ಹಿಡಿಸದು, ಒತ್ತಾಯ ಮಾಡಿದರೆ ಮುರಿಯಬಹುದು. ಈಗಿನ ಹಲವು ತಯಾರಕರು ತುದಿಯನ್ನು ಓರೆ ಮಾಡಿ ಅದಕ್ಕೆ ಅವಕಾಶ ಕಲ್ಪಿಸಿರುತ್ತಾರೆ.

ಎಲ್ಲಿಂದ ತರುವುದು

ಜರ್ಮನ್ ಕಾರ್ಖಾನೆಗಳು ಲಕ್ಷಗಟ್ಟಲೆ ಮಾಡಿದ ಸೈನಿಕ ಮೌಸರ್ 98ರಲ್ಲಿ ಎಡಗೈಯದು ಒಂದೂ ಇಲ್ಲ. ಸೈನ್ಯ ಎಲ್ಲರನ್ನೂ ಬಲಗೈಯವರನ್ನಾಗಿಯೇ ಕವಾಯತು ಮಾಡಿಸುತ್ತಿತ್ತು. ಬೇಟೆಗಾರರು ಹಾಡಿ ಹೊಗಳುವ, 1964ಕ್ಕಿಂತ ಮೊದಲಿನ ವಿಂಚೆಸ್ಟರ್ ಮಾದರಿ 70ರಲ್ಲಿಯೂ ಎಡಗೈಯದು ಬರಲಿಲ್ಲ. 1936ರಲ್ಲಿ ಹುಟ್ಟಿದ ಆ ರೈಫಲ್ 1964ರಲ್ಲಿ ತಳ್ಳುವ ಪಂಥಕ್ಕೆ ಹೋಗಿ, 1990ರ ದಶಕದಲ್ಲಿ ಕೊಕ್ಕೆಯ ಪಂಥಕ್ಕೆ ಮರಳಿತು. ಮರಳಿದ ಮೇಲಿನ ಕ್ಲಾಸಿಕ್ ಸರಣಿಯಲ್ಲಿ ಎಡಗೈಯವು ಕೆಲವು ಬಂದವು, ಈಗ ಬಳಸಿದ ರೈಫಲ್‌ಗಳ ಅಂಗಡಿಯಲ್ಲಿ ಅಪರೂಪಕ್ಕೆ ಕಾಣುತ್ತವೆ. ಆದ್ದರಿಂದ "ಹಳೆಯ ಎಡಗೈ ಮೌಸರ್, ಮಿಲಿಟರಿಯದು" ಎಂದು ಯಾರಾದರೂ ಹೇಳಿದರೆ ಅಲ್ಲಿಯೇ ಅನುಮಾನ ಪಡಬೇಕು.

ಉಳಿದ ದಾರಿಗಳು ಮೂರು. ಮೊದಲನೆಯದು, ಬರಿಯ ಆಕ್ಷನನ್ನೇ ಮಾರುವ ತಯಾರಕರು. ಮಾಂಟಾನಾ ರೈಫಲ್ ಕಂಪನಿಯ 1999 ಮಾದರಿ ಮೌಸರ್ ಮತ್ತು ವಿಂಚೆಸ್ಟರ್ 70 ಎರಡರ ಗುಣಗಳನ್ನು ಕೂಡಿಸಿ ರೂಪಿಸಿದ್ದು, ಅದರಲ್ಲಿ ಎಡಗೈಯದೂ ಬಂದಿದೆ. ಎರಡನೆಯದು, ಕಾರ್ಖಾನೆಯ ಎಡಗೈ ರೈಫಲೊಂದನ್ನು ಇಡಿಯಾಗಿ ಕೊಂಡು ಆಕ್ಷನನ್ನು ಉಳಿಸಿಕೊಂಡು ನಳಿಗೆ, ಸ್ಟಾಕ್ ಮಾತ್ರ ಬದಲಿಸುವುದು. ರೂಗರ್ ಹಾಕ್‌ಐ ಸರಣಿಯ ಗೈಡ್ ಗನ್ನಿನಲ್ಲಿ .375 ರೂಗರ್‌ಗೆ ಎಡಗೈಯದು ಬಂದಿದೆ. ಸರ್ಬಿಯಾದ ಜಸ್ತಾವಾ ಎಂ70ರಲ್ಲಿಯೂ ಎಡಗೈಯವು ಇವೆ. ಈ ಎರಡನೆಯ ದಾರಿ ನನಗೆ ಹೆಚ್ಚು ಹಿಡಿಸಲು ಕಾರಣವಿದೆ. ಮ್ಯಾಗಜೀನಿನ ಪೆಟ್ಟಿಗೆ ಮತ್ತು ಕಾಡತೂಸನ್ನು ಹಿಡಿದು ಬಿಡುವ ಮೇಲಿನ ತುಟಿಗಳನ್ನು ಆಯಾ ಕವಚದ ಇಳಿಜಾರಿಗೆ ತಕ್ಕಂತೆ ಕಡೆದಿರುತ್ತಾರೆ. ಬರಿಯ ಆಕ್ಷನ್ ತಂದು ಆ ತುಟಿಗಳನ್ನು ಅರದಿಂದ ತಿದ್ದಿಸುವುದು ಇಡೀ ಕೆಲಸದಲ್ಲಿ ನುರಿತ ಕೈ ಬೇಡುವ ಭಾಗ. ನಿಮಗೆ ಬೇಕಾದ ಕಾಡತೂಸಿಗೇ ತಯಾರಾದ ರೈಫಲನ್ನು ಕೊಂಡರೆ ಆ ಭಾಗ ಕಾರ್ಖಾನೆಯಲ್ಲಿಯೇ ಮುಗಿದಿರುತ್ತದೆ. ಎಡಗೈ ಬೋಲ್ಟಿಗೆ ಕೊರೆದ ಸ್ಟಾಕ್ ಒಂದು ಕೂಡ ಕೈಗೆ ಬರುತ್ತದೆ, ಹೊಸದು ಸಿದ್ಧವಾಗುವವರೆಗೆ ಅದೇ ಸಾಕು.

ಮೂರನೆಯದು ಬೋಲ್ಟ್ ತಿರುಗಿಸುವ ಪದ್ಧತಿಯನ್ನೇ ಬಿಟ್ಟುಬಿಡುವುದು. ಜರ್ಮನಿಯ ಬ್ಲೇಸರ್ ಆರ್8ರಲ್ಲಿ ಹಿಡಿಯನ್ನು ತಿರುಗಿಸದೆ ನೇರ ಹಿಂದೆ ಎಳೆದರಾಯಿತು, ಎಡಗೈಗೂ ಸಿಗುತ್ತದೆ. ಆದರೆ ಅದು ಇಡಿಯಾಗಿ ಕೊಳ್ಳುವ ವ್ಯವಸ್ಥೆ, ಅದರ ಸುತ್ತ ಬೇರೆ ರೈಫಲ್ ಕಟ್ಟುವ ಪ್ರಶ್ನೆಯೇ ಬರುವುದಿಲ್ಲ. ರೂಗರ್ ನಂಬರ್ 1ರಂಥ ಒಂಟಿ ಗುಂಡಿನ ರೈಫಲಿನಲ್ಲಿ ಕೆಳಗಿನ ಸನ್ನೆಗೋಲು ಒತ್ತಿದರೆ ಆಕ್ಷನ್ ತೆರೆಯುತ್ತದೆ, ಸೇಫ್ಟಿ ನಡುಬೆನ್ನಿನ ಮೇಲಿದೆ, ಎಡ ಬಲವೆಂಬ ಭೇದವೇ ಇಲ್ಲ. ಹುಲ್ಲೆಗಳ ಬೇಟೆಗೆ ಅದು ಬಹಳ ಚೆಂದ. ಎರಡನೆಯ ಗುಂಡು ತಕ್ಷಣ ಬೇಕಾಗುವ ಕಡೆ ನಾನು ಅದನ್ನು ಸೂಚಿಸಲಾರೆ. ಜೋಡಿ ನಳಿಗೆಯ ರೈಫಲೂ ಹಾಗೆಯೇ ಪಕ್ಷಪಾತವಿಲ್ಲದ್ದು. ಸ್ಟಾಕಿನ ಬಾಗನ್ನು ಎಡಕ್ಕೆ ತಿರುಗಿಸಿದರೆ ಮುಕ್ಕಾಲು ಕೆಲಸ ಮುಗಿಯಿತು. ಬೆಲೆ ಕೇಳಿದ ಮೇಲೆ ನಾವು ಆ ಪುಟ ತೆರೆಯಲಿಲ್ಲ.

ಕೈಯಲ್ಲಿ ಹಿಡಿದು ಪರೀಕ್ಷಿಸುವಾಗ

ಅಳಿಯ ಒಂದು ದಿನ ವಿಡಿಯೋ ಕರೆ ಮಾಡಿ, ಅಗ್ಗಕ್ಕೆ ಸಿಕ್ಕ ಎಡಗೈ ಆಕ್ಷನೊಂದನ್ನು ಉತ್ಸಾಹದಿಂದ ತೋರಿಸಿದ. ಹಿಡಿಕೆ ನಿಜಕ್ಕೂ ಎಡಕ್ಕಿತ್ತು. "ಕಿಟಕಿ ಯಾವ ಕಡೆ ಐತಿ ನೋಡು" ಎಂದೆ. ಬಲಕ್ಕಿತ್ತು. "ಸೇಫ್ಟಿ?" ಅದೂ ಬಲಕ್ಕೆ. ಬಲಗೈ ಆಕ್ಷನ್ನಿಗೆ ಸನ್ನೆಗೋಲು ಜೋಡಿಸಿ ಎಡಕ್ಕೊಂದು ಹಿಡಿಕೆ ಕೊಟ್ಟ ಹಳೆಯ ಪರಿವರ್ತನೆ ಅದು. ಎಡಗೈ ರೈಫಲ್‌ಗಳು ಸಿಗದ ಕಾಲದಲ್ಲಿ ಇಂಥವನ್ನು ಅನಿವಾರ್ಯವಾಗಿ ಮಾಡುತ್ತಿದ್ದರು. ಈಗ ಅವನ್ನು ಕೊಳ್ಳಲು ಕಾರಣವಿಲ್ಲ. ಮಾರುವವರು ಮೋಸಕ್ಕೆಂದೇ ಹಾಗೆ ಹೇಳಿರಲಿಕ್ಕಿಲ್ಲ, ಹಿಡಿಕೆ ಎಡಕ್ಕಿದ್ದರೆ ಎಡಗೈಯದೆಂದು ಅವರೂ ನಂಬಿದ್ದರು.

ಆದ್ದರಿಂದ ಪರೀಕ್ಷೆ ಈ ಕ್ರಮದಲ್ಲಿ ಇರಲಿ. ರೈಫಲ್ ಖಾಲಿ ಇದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತ ಮಾಡಿಕೊಂಡ ಮೇಲೆ, ಕಿಟಕಿ, ಹಿಡಿಕೆ, ಕೊಕ್ಕೆ, ಬೋಲ್ಟ್ ಬಿಡಿಸುವ ಗುಂಡಿ, ಸೇಫ್ಟಿ ಐದೂ ಕನ್ನಡಿಯಲ್ಲಿ ಕಂಡಂತೆ ತಿರುವಿವೆಯೇ ನೋಡಬೇಕು. ಸೇಫ್ಟಿ ಬರಿಯ ಟ್ರಿಗರನ್ನು ತಡೆಯುವಂಥದ್ದಾಗಿರದೆ, ಹೊಡೆಯುವ ಮೊಳೆಯನ್ನೇ ಹಿಡಿದಿಡುವ ಮೂರು ಸ್ಥಾನದ್ದಾಗಿರುವುದು ಮೇಲು. ನಡುವಿನ ಸ್ಥಾನದಲ್ಲಿ ಮೊಳೆ ಬಂಧನದಲ್ಲಿದ್ದರೂ ಬೋಲ್ಟ್ ತೆರೆಯುತ್ತದೆ, ಕಾಡತೂಸು ಹೊರತೆಗೆಯುವಾಗ ಅದು ದೊಡ್ಡ ನೆಮ್ಮದಿ. ಮೂಲ ಮೌಸರಿನ ರೆಕ್ಕೆಯಂಥ ಸೇಫ್ಟಿ ನೇರ ಮೇಲೆದ್ದು ನಿಲ್ಲುವುದರಿಂದ ದೂರದರ್ಶಕಕ್ಕೆ ತಾಗುತ್ತದೆ, ಅಡ್ಡಕ್ಕೆ ಸರಿಯುವಂಥದ್ದೇ ಬೇಕು.

ನಂತರ ಅನಿಲದ ದಾರಿ. ಬೋಲ್ಟಿನ ದೇಹದಲ್ಲಿ ಮತ್ತು ರಿಸೀವರಿನ ಮುಂಭಾಗದಲ್ಲಿ ಸೋರುವ ಅನಿಲಕ್ಕೆ ತೂತುಗಳಿರಬೇಕು, ಬೋಲ್ಟಿನ ಹಿಂಬದಿಯ ಟೊಪ್ಪಿಗೆಗೆ ಅನಿಲವನ್ನು ಮುಖದಿಂದ ಆಚೆ ತಿರುಗಿಸುವ ಅಗಲವಾದ ಅಂಚು ಇರಬೇಕು. ಮೌಸರ್ ಈ ವಿಷಯದಲ್ಲಿ ನೂರು ವರ್ಷಗಳ ಹಿಂದೆಯೇ ತೋರಿಸಿದ ಜಾಗ್ರತೆಯನ್ನು ಈಗಿನ ಕೆಲವರು ಉಳಿತಾಯದ ನೆಪದಲ್ಲಿ ಬಿಟ್ಟಿದ್ದಾರೆ.

ಕಿವಿಗಳ ಪರೀಕ್ಷೆ ನನ್ನ ಕಸುಬಿಗೆ ಹತ್ತಿರದ್ದು. ಭೋಸರಿಯಲ್ಲಿ ಡೈಗಳ ಎರಡು ಮುಖ ಕೂಡಿದೆಯೇ ನೋಡಲು ನೀಲಿ ಬಳಿಯುವಂತೆ, ಬೋಲ್ಟಿನ ಕಿವಿಗಳ ಹಿಂಭಾಗಕ್ಕೆ ತೆಳುವಾಗಿ ನೀಲಿ ಬಳಿದು, ಮುಚ್ಚಿ ತೆರೆದು ನೋಡಿದರೆ ಎಲ್ಲಿ ತಾಗುತ್ತದೆಂದು ತಿಳಿಯುತ್ತದೆ. ಎರಡೂ ಕಿವಿಗಳ ಮೇಲೆ ಅಗಲವಾದ ಗುರುತು ಬೀಳಬೇಕು. ಒಂದೇ ಕಿವಿ ಹೊರೆ ಹೊರುತ್ತಿದ್ದರೆ ಅನುಭವಿ ಬಂದೂಕು ಕೆಲಸಗಾರ ಲ್ಯಾಪಿಂಗ್ ಮಾಡಿ, ಅಂದರೆ ನುಣ್ಣಗೆ ಉಜ್ಜಿ, ಸರಿಪಡಿಸಬಲ್ಲ. ಆದರೆ ಲ್ಯಾಪಿಂಗ್ ಮಾಡಿದಷ್ಟೂ ಬೋಲ್ಟ್ ಹಿಂದೆ ಸರಿಯುತ್ತದೆ, ಆದ್ದರಿಂದ ನಳಿಗೆ ಕೂರಿಸುವ ಮೊದಲೇ ಈ ಕೆಲಸ ಮುಗಿದು, ಕೊನೆಗೆ ಗೋ ಮತ್ತು ನೋ-ಗೋ ಗೇಜುಗಳಿಂದ ಹೆಡ್‌ಸ್ಪೇಸ್, ಅಂದರೆ ಬೋಲ್ಟ್ ಮುಚ್ಚಿದಾಗ ಕಾಡತೂಸಿಗೆ ಉಳಿಯುವ ಜಾಗ, ಅಳೆಯಬೇಕು. ಆಕ್ಷನ್ ಎಡಗೈಯದಾದರೂ ನಳಿಗೆ ತಿರುಗಿಸುವ ಥ್ರೆಡ್ ಸಾಮಾನ್ಯವಾಗಿ ಬಲಗೈಯದೇ ಇರುತ್ತದೆಂಬುದು ಅನೇಕರಿಗೆ ಅಚ್ಚರಿ. ಆ ಮಾದರಿಗೆ ಥ್ರೆಡ್ ಮಾಡಿದ ಯಾವ ನಳಿಗೆಯನ್ನಾದರೂ ಕೂರಿಸಬಹುದಾದ್ದರಿಂದ ಅದು ನಮಗೆ ಅನುಕೂಲವೇ.

ದೂರದರ್ಶಕದ ತಳಗಟ್ಟು ಕೂರಿಸುವ ತೂತುಗಳು ಆ ಮಾದರಿಯ ಬಲಗೈ ರಿಸೀವರಿನ ಅಳತೆಗೇ ಇವೆಯೇ ಎಂದು ಕೇಳಿ. ಇದ್ದರೆ ತಳಗಟ್ಟಿಗಾಗಿ ಅಲೆಯುವುದು ತಪ್ಪುತ್ತದೆ. ಬೋಲ್ಟ್, ಕೊಕ್ಕೆ, ಖಾಲಿ ಕವಚವನ್ನು ಹೊರಗೆ ಚಿಮ್ಮಿಸುವ ಎಜೆಕ್ಟರ್, ಸೇಫ್ಟಿ ಇವು ಎಡಗೈಗೇ ಮೀಸಲಾದ ಭಾಗಗಳು. ಆಕ್ಷನ್ ಕೊಳ್ಳುವ ದಿನವೇ ಒಂದು ಕೊಕ್ಕೆಯನ್ನೂ ಒಂದು ಎಜೆಕ್ಟರನ್ನೂ ಹೆಚ್ಚುವರಿಯಾಗಿ ಕೊಂಡಿಡಿ.

ಕಾಗದಪತ್ರ

ದಕ್ಷಿಣ ಆಫ್ರಿಕಾದ 2000ದ ಬಂದೂಕು ನಿಯಂತ್ರಣ ಕಾಯ್ದೆಯಂತೆ ರಿಸೀವರ್ ಮತ್ತು ನಳಿಗೆ ಬಂದೂಕಿನ ಮುಖ್ಯ ಭಾಗಗಳೆಂದು ಪರಿಗಣಿತವಾಗಿವೆ. ಅರ್ಹತಾ ಪ್ರಮಾಣಪತ್ರ ಮೊದಲು, ಪರವಾನಗಿ ನಂತರ, ಆಕ್ಷನ್ ಕೈಗೆ ಬರುವುದು ಎಲ್ಲಕ್ಕೂ ಕೊನೆಗೆ. ಮುಂಗಡ ಕೊಡುವ ಮೊದಲೇ ಕೆಲಸಗಾರನ ಬಳಿ ಈ ಕ್ರಮವನ್ನು ಮಾತಾಡಿಕೊಳ್ಳಬೇಕು. ಬೇರೆ ದೇಶದವರು ತಮ್ಮ ದೇಶದ ನಿಯಮ ನೋಡಿಕೊಳ್ಳಲಿ. ರೈಫಲ್ ಹಿಡಿದು ಗಡಿ ದಾಟುವವರಿಗೆ ತಾತ್ಕಾಲಿಕ ಅನುಮತಿ ಪ್ರತ್ಯೇಕವಾಗಿ ಬೇಕಾಗುತ್ತದೆ.

ಒಪ್ಪಿಸಿಕೊಳ್ಳುವ ದಿನ

ಕೆಲಸ ಮುಗಿದ ಆಕ್ಷನನ್ನು ಗುಂಡು ಹಾರಿಸುವ ಮೊದಲು ಮದ್ದಿಲ್ಲದ ಡಮ್ಮಿ ಕಾಡತೂಸುಗಳಿಂದ ಕೆಲಸಗಾರನ ಎದುರಿಗೇ ಪರೀಕ್ಷಿಸಬೇಕು. ಡಮ್ಮಿಯಲ್ಲಿರುವ ಗುಂಡಿನ ಆಕಾರ ನೀವು ನಿಜವಾಗಿ ಬಳಸಲಿರುವ ಗುಂಡಿನದೇ ಆಗಿರಲಿ, ಏಕೆಂದರೆ ಚೂಪು ಮೂತಿಯದನ್ನು ಸಲೀಸಾಗಿ ನುಂಗುವ ಆಕ್ಷನ್ ಮೊಂಡು ಮೂತಿಯ ಘನ ಗುಂಡಿಗೆ ತಡವರಿಸಬಹುದು. ಮ್ಯಾಗಜೀನ್ ತುಂಬಿ ನಿಧಾನವಾಗಿ ಒಮ್ಮೆ, ಜೋರಾಗಿ ಒಮ್ಮೆ, ರೈಫಲನ್ನು ಮಗ್ಗುಲಿಗೆ ಹೊರಳಿಸಿ ಒಮ್ಮೆ, ಬುಡಮೇಲು ಮಾಡಿ ಒಮ್ಮೆ, ಅರ್ಧ ತಳ್ಳಿ ಹಿಂದೆ ಎಳೆದು ಒಮ್ಮೆ, ಹೀಗೆ ಬೇಸರವಾಗುವವರೆಗೆ ಮಾಡಬೇಕು. ಮ್ಯಾಗಜೀನಿನ ಕೊನೆಯ ಕಾಡತೂಸಿನ ಮೇಲೆ ವಿಶೇಷ ಕಣ್ಣಿರಲಿ, ಸ್ಪ್ರಿಂಗಿನ ಒತ್ತಡ ಆಗ ತೀರ ಕಡಿಮೆಯಿದ್ದು ಅದು ಚಿಮ್ಮಿ ಹೊರಬೀಳುವುದುಂಟು. ರೇಂಜಿಗೆ ಹೋದ ಮೇಲೂ ಗುರಿಯ ಮೇಲೆ ಹತ್ತು ಗುಂಡುಗಳ ತೂತುಗಳ ಗುಂಪು ಎಷ್ಟು ಚಿಕ್ಕದಾಯಿತೆಂದು ನೋಡುವ ಮೊದಲು, ಹಿಂದೊದೆತದ ನಂತರ ಸ್ಕ್ರೂಗಳು ಸಡಿಲವಾಗಿಲ್ಲವೇ, ಮ್ಯಾಗಜೀನಿನ ತಳದ ತಟ್ಟೆ ತಾನಾಗಿ ತೆರೆದಿಲ್ಲವೇ ಎಂದು ನೋಡಬೇಕು.

ಅಳಿಯ ಕೊನೆಗೆ .375 ರೂಗರ್‌ಗೆ ಬಂದು ನಿಂತ. ಸಾಮಾನ್ಯ ಉದ್ದದ, ಕೊಕ್ಕೆಯ ಪಂಥದ ಕಾರ್ಖಾನೆ ರೈಫಲೊಂದರ ಆಕ್ಷನನ್ನು ಉಳಿಸಿಕೊಂಡು ನಳಿಗೆಯನ್ನು ಬದಲಿಸಿದ್ದಾನೆ. ಡಮ್ಮಿಗಳ ಪರೀಕ್ಷೆಯನ್ನು ಫೋನಿನಲ್ಲಿ ನನಗೂ ತೋರಿಸಿದ. ಮೂವತ್ತೆಂಟನೆಯ ಸಲ ಕೊನೆಯ ಕಾಡತೂಸು ಒಮ್ಮೆ ಮೂತಿ ಎತ್ತಿ ನಿಂತಿತು, ಕೆಲಸಗಾರ ಮ್ಯಾಗಜೀನಿನ ಎಡ ತುಟಿಯನ್ನು ಕೂದಲೆಳೆಯಷ್ಟು ತಿದ್ದಿದ ಮೇಲೆ ಮತ್ತೆ ನೂರು ಸಲ ಮಾಡಿದರೂ ನಿಲ್ಲಲಿಲ್ಲ. ಸ್ಟಾಕಿನ ಮರ ಇನ್ನೂ ಬಡಗಿಯ ಕೈಯಲ್ಲಿದೆ, ಬಾಗು ಎಡಕ್ಕೆ ಎಷ್ಟಿರಬೇಕೆಂದು ಮುಂದಿನ ತಿಂಗಳು ಅಳತೆ ಕೊಡಬೇಕಾಗಿದೆ.